ಚರ್ಚಿನ ಹಾಡು ಪೇಟೆಗೆ ಬಂದ ಕಥೆ

ಜಿಮ್ ರೀವ್ಸ್ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಮಂಗಳೂರು, ಗೋವಾ, ನಮ್ಮ ಮುಂಬಯಿಯ ಬಾಂದ್ರಾ ಕಡೆಯ ಎಷ್ಟೋ ಮನೆಗಳಲ್ಲಿ ಆತನ ಹಾಡಿಲ್ಲದೆ ಕ್ರಿಸ್ಮಸ್ ಆಗುತ್ತಿರಲಿಲ್ಲ. 1993ರಲ್ಲಿ ನಾನು ಮುಂಬಯಿಗೆ ವರ್ಗವಾಗಿ ಬಂದಾಗ ಪಕ್ಕದ ಕೌಂಟರಿನಲ್ಲಿದ್ದ ಮಂಗಳೂರಿನ ಗೆಳೆಯರೊಬ್ಬರು ಇಂಥ ಅಮೆರಿಕನ್ ಕ್ಯಾಸೆಟ್ಟುಗಳನ್ನು ಕೇಳಲು ಕೊಡುತ್ತಿದ್ದರು. ಕೆಲವು ಗಾಯಕರು ಒಂದು ಹಾಡಿನಲ್ಲಿ ಬಿಟ್ಟುಹೋದ ಪ್ರೇಯಸಿಗಾಗಿ ಗೋಳಾಡುತ್ತಿದ್ದರು, ಮುಂದಿನ ಹಾಡಿನಲ್ಲಿ ಯೇಸುವಿನ ಸ್ತುತಿ ಮಾಡುತ್ತಿದ್ದರು. ಅದೇ ದನಿ, ಅದೇ ಗಿಟಾರು! ನಮ್ಮಲ್ಲಿ ಭಕ್ತಿಗೀತೆಯ ಕ್ಯಾಸೆಟ್ ಬೇರೆ, ಸಿನಿಮಾ ಹಾಡಿನ ಕ್ಯಾಸೆಟ್ ಬೇರೆ. ಅಂಗಡಿಯವನೂ ಬೇರೆ ಬೇರೆ ಕಪಾಟಿನಲ್ಲಿಡುತ್ತಿದ್ದ. ಅವರಲ್ಲಿ ಇವೆರಡೂ ಒಂದೇ ಕಪಾಟಿಗೆ ಬಂದದ್ದು ಹೇಗೆ ಎಂಬ ಕುತೂಹಲ ಅಂದಿನಿಂದಲೂ ಇತ್ತು. ಆಗಾಗ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿ.ಕಾಂ. ಓದಿದವನು. ಸ್ವರ, ತಾಳದ ಬಗ್ಗೆ ಹೆಚ್ಚು ಗೊತ್ತಿಲ್ಲ. ಆದರೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವುದು ಮೂವತ್ತು ವರ್ಷದ ಅಭ್ಯಾಸ. ಈ ಕಥೆಗೆ ಅದೇ ಉಪಯೋಗಕ್ಕೆ ಬಂತು.

ಗಾಸ್ಪೆಲ್ ಅಂದರೆ ಕ್ರೈಸ್ತ ಭಕ್ತಿಗೀತೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನಾಲ್ವರು ಗಂಡಸರು ಸೇರಿ ನಾಲ್ಕು ಸ್ಥಾಯಿಗಳಲ್ಲಿ ಹಾಡುವ ತಂಡಗಳಿಗೆ ಕ್ವಾರ್ಟೆಟ್ ಎನ್ನುತ್ತಾರೆ. ಈ ತಂಡಗಳು ಚರ್ಚಿನ ಪೂಜಾಸೇವೆಯಿಂದಲೇ ಹುಟ್ಟಿದವು ಎಂದು ನಾನು ಭಾವಿಸಿದ್ದೆ. ಪೂರ್ತಿ ಹಾಗಲ್ಲವಂತೆ. ಟೆನೆಸ್ಸಿ ರಾಜ್ಯದ ಲಾರೆನ್ಸ್‌ಬರ್ಗ್ ಎಂಬ ಊರಿನಲ್ಲಿ ಜೇಮ್ಸ್ ಡಿ. ವಾನ್ ಎಂಬ ಪ್ರಕಾಶಕರಿದ್ದರು. ಭಕ್ತಿಗೀತೆಗಳ ಪುಸ್ತಕ ಅಚ್ಚು ಹಾಕಿಸಿ ಮಾರುವುದು ಅವರ ವ್ಯಾಪಾರ. 1910ರಲ್ಲಿ ಅವರು ಸಂಬಳ ಕೊಟ್ಟು ನಾಲ್ವರು ಗಾಯಕರನ್ನು ಊರೂರಿಗೆ ಕಳಿಸಿದರು. ಗಾಯಕರು ಹಾಡಬೇಕು, ಜನ ಮೆಚ್ಚಬೇಕು, ಆ ಹಾಡಿರುವ ಪುಸ್ತಕ ಕೊಳ್ಳಬೇಕು. ಅಂದರೆ ಈ ಪರಂಪರೆಯ ಮೊದಲ ವೃತ್ತಿಪರ ತಂಡ ಒಂದು ಲೆಕ್ಕದಲ್ಲಿ ಸೇಲ್ಸ್ ತಂಡವೇ! ಅವರಿಗೆ ಭಕ್ತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಭಕ್ತಿಯ ಜೊತೆ ರಸೀದಿ ಪುಸ್ತಕವೂ ಇತ್ತು, ಅಷ್ಟೇ.

ಇನ್ನೊಂದು ಕಡೆ ಕಂಟ್ರಿ ಸಂಗೀತ. ಅದೇ ದಕ್ಷಿಣದ ಹಳ್ಳಿಗಾಡಿನ ಜನರ ಪಿಟೀಲು, ಬ್ಯಾಂಜೋ, ಗಿಟಾರಿನ ಹಾಡು. ಇದಕ್ಕೆ ದೊಡ್ಡ ವೇದಿಕೆ ಕೊಟ್ಟದ್ದು ಒಂದು ಇನ್ಶೂರೆನ್ಸ್ ಕಂಪನಿ. ನ್ಯಾಶ್‌ವಿಲ್ ನಗರದ ನ್ಯಾಷನಲ್ ಲೈಫ್ ಕಂಪನಿ 1925ರಲ್ಲಿ ಡಬ್ಲ್ಯು.ಎಸ್.ಎಂ. ಎಂಬ ರೇಡಿಯೋ ಕೇಂದ್ರ ತೆರೆಯಿತು. ಆ ಮೂರು ಅಕ್ಷರಗಳು ‘ನಾವು ಲಕ್ಷಾಂತರ ಜನರನ್ನು ಕಾಯುತ್ತೇವೆ’ ಎಂಬರ್ಥದ ಕಂಪನಿಯ ಘೋಷಣೆಯಿಂದ ಬಂದವು. ಅದೇ ವರ್ಷ ನವೆಂಬರಿನಲ್ಲಿ ಶುರುವಾದ ಶನಿವಾರ ರಾತ್ರಿಯ ಕಾರ್ಯಕ್ರಮ ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೆಸರಾಯಿತು. ಇಂದಿಗೂ ನಡೆಯುತ್ತಿದೆ, ನೂರು ವರ್ಷ ದಾಟಿತು.

ಇನ್ಶೂರೆನ್ಸ್ ಏಜೆಂಟರ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಮನೆಯ ಬಾಗಿಲು ತಟ್ಟಬೇಕು, ಯಜಮಾನ, ಯಜಮಾನಿ ಇಬ್ಬರೂ ನಂಬಬೇಕು. ಹಾಗಿರುವಾಗ ಕಂಪನಿಯ ಹೆಸರಿನಲ್ಲಿ ಬರುವ ಕಾರ್ಯಕ್ರಮ ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರೂ ಕೂತು ಕೇಳುವಂತೆ ಇರಲೇಬೇಕಿತ್ತು. ಪ್ರಾಯೋಜಕರಾಗಿ ಬಂದ ಗೋಧಿಹಿಟ್ಟಿನ ಕಂಪನಿಗಳಿಗೂ ಇದೇ ಬೇಕಾಗಿತ್ತು. ಕುಡಿತದ ಹಾಡು, ಜಗಳದ ಹಾಡು ಎಷ್ಟೇ ಇರಲಿ, ನಡುವೆ ಒಂದು ದೇವರ ಹಾಡು ಬಂದರೆ ಮನೆಯವರಿಗೆ ಸಮಾಧಾನ. ಗಾಸ್ಪೆಲ್ ಗಾಯಕರಿಗೆ ಪೇಟೆಯ ಬಾಗಿಲು ತೆರೆದದ್ದು ಇಲ್ಲಿಂದ ಎಂದು ನನಗನ್ನಿಸುತ್ತದೆ. ಅವರಿಗೆ ಕೇಳುಗರು ಬೇಕಿತ್ತು, ಕಂಟ್ರಿ ವೇದಿಕೆಗೆ ‘ಸಂಸಾರಸ್ಥರ ಕಾರ್ಯಕ್ರಮ’ ಎಂಬ ಹೆಸರು ಬೇಕಿತ್ತು.

ಆಪ್ರಿ 1943ರಿಂದ 1974ರವರೆಗೆ ನಡೆದ ರೈಮನ್ ಸಭಾಂಗಣದ ಕಥೆಯೂ ಸ್ವಾರಸ್ಯವಾಗಿದೆ. ಟಾಮ್ ರೈಮನ್ ಎಂಬ ಹಡಗುಗಳ ಮಾಲೀಕ 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಬೋಧಕನ ಉಪದೇಶ ಕೇಳಿ ಮನಸ್ಸು ಬದಲಿಸಿದ. ಆ ಬೋಧಕನಿಗೆಂದೇ ದೊಡ್ಡ ಪ್ರಾರ್ಥನಾ ಮಂದಿರ ಕಟ್ಟಿಸಲು ಮುಂದಾದ. 1892ರಲ್ಲಿ ತೆರೆದ ಆ ಮಂದಿರವೇ ಮುಂದೆ ಕಂಟ್ರಿ ಸಂಗೀತದ ಮನೆಯಾಯಿತು. ಜನ ಟಿಕೆಟ್ ಕೊಂಡು ಬಂದು ಕೂರುತ್ತಿದ್ದದ್ದು ಚರ್ಚಿನ ಮರದ ಬೆಂಚುಗಳ ಮೇಲೆಯೇ.

ಈಗ ಒಂದು ತಂಡದ ಕಥೆಗೆ ಬರೋಣ, ಅದರಲ್ಲಿ ಎಲ್ಲವೂ ಇದೆ.

ಎರಡನೇ ಮಹಾಯುದ್ಧದ ಕಾಲ. ಟೆನೆಸ್ಸಿಯ ಓಕ್ ರಿಡ್ಜ್‌ನಲ್ಲಿ ಅಮೆರಿಕ ಸರ್ಕಾರ ರಾತ್ರೋರಾತ್ರಿ ಎಂಬಂತೆ ಒಂದು ರಹಸ್ಯ ನಗರ ಕಟ್ಟಿತು. ಹಿರೋಷಿಮಾದ ಮೇಲೆ ಹಾಕಿದ ಬಾಂಬಿನ ಯುರೇನಿಯಂ ಸಿದ್ಧವಾದದ್ದು ಅಲ್ಲೇ. 1945ರ ಹೊತ್ತಿಗೆ ಬೇಲಿಯ ಒಳಗೆ ಸುಮಾರು 75,000 ಜನ ಇದ್ದರು. ಹೆಚ್ಚಿನವರಿಗೆ ತಾವು ಏನು ತಯಾರಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಅವರ ಬೇಸರ ಕಳೆಯಲು ಹತ್ತಿರದ ನಾಕ್ಸ್‌ವಿಲ್‌ನಿಂದ ವಾಲಿ ಫೌಲರ್ ಎಂಬ ಗಾಯಕನ ತಂಡ ಹೋಗಿ ಹಾಡುತ್ತಿತ್ತು. ಕಂಟ್ರಿ ಹಾಡುಗಳ ಜೊತೆ ಗಾಸ್ಪೆಲ್ಲೂ ಇರುತ್ತಿತ್ತು. ಜನ ಗಾಸ್ಪೆಲ್ಲನ್ನೇ ಹೆಚ್ಚು ಮೆಚ್ಚಿದ್ದರಿಂದ ಫೌಲರ್ ತಂಡಕ್ಕೆ ‘ಓಕ್ ರಿಡ್ಜ್ ಕ್ವಾರ್ಟೆಟ್’ ಎಂದೇ ಹೆಸರಿಟ್ಟ. 1948ರಲ್ಲಿ ರೈಮನ್‌ನಲ್ಲಿ ಆತ ಇಡೀ ರಾತ್ರಿಯ ಗಾಸ್ಪೆಲ್ ಕಾರ್ಯಕ್ರಮ ಶುರು ಮಾಡಿದ. ನಮ್ಮ ಊರಿನ ಅಹೋರಾತ್ರಿ ಭಜನೆಯ ಹಾಗೆ, ಆದರೆ ಟಿಕೆಟ್ ಇಟ್ಟು!

1957ರಲ್ಲಿ ನಡೆದದ್ದು ಬ್ಯಾಂಕಿನವನಾದ ನನಗೆ ತುಂಬಾ ಹಿಡಿಸಿತು. ಫೌಲರ್ ತಂಡದ ಗಾಯಕ ಸ್ಮಿಟಿ ಗ್ಯಾಟ್ಲಿನ್‌ಗೆ ಹಣ ಕೊಡಬೇಕಿತ್ತು. ಕೊಡಲಾಗದೆ ಸಾಲದ ಬದಲಿಗೆ ತಂಡದ ಹೆಸರನ್ನೇ ಬರೆದುಕೊಟ್ಟ. ಅಕೌಂಟೆನ್ಸಿಯಲ್ಲಿ ‘ಗುಡ್‌ವಿಲ್’ ಅಂತ ಓದಿದ್ದೆವಲ್ಲ, ಕಣ್ಣಿಗೆ ಕಾಣದ ಆಸ್ತಿ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1961ರಲ್ಲಿ ‘ಕ್ವಾರ್ಟೆಟ್’ ಹೋಗಿ ‘ಓಕ್ ರಿಡ್ಜ್ ಬಾಯ್ಸ್’ ಆಯಿತು.

1965ರಲ್ಲಿ ವಿಲಿಯಂ ಲೀ ಗೋಲ್ಡನ್, 1966ರಲ್ಲಿ ಡ್ವೇನ್ ಆಲನ್, 1972ರಲ್ಲಿ ರಿಚರ್ಡ್ ಸ್ಟರ್ಬನ್, 1973ರಲ್ಲಿ ಜೋ ಬೊನ್ಸಾಲ್ ಸೇರಿದರು. ಸ್ಟರ್ಬನ್ ಅಲ್ಲಿಯವರೆಗೆ ಎಲ್ವಿಸ್ ಪ್ರೀಸ್ಲಿಯ ಹಿಂದೆ ಹಾಡುತ್ತಿದ್ದ ಸ್ಟ್ಯಾಂಪ್ಸ್ ಎಂಬ ಗಾಸ್ಪೆಲ್ ತಂಡದಲ್ಲಿದ್ದವರು. ಎಲ್ವಿಸ್ ಅಂದರೆ ರಾಕ್ ಸಂಗೀತ ಎಂದುಕೊಳ್ಳುತ್ತೇವೆ. ಆದರೆ ಆತ ಸ್ಪರ್ಧೆಯಲ್ಲಿ ಗೆದ್ದ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಗಾಸ್ಪೆಲ್ ಹಾಡಿಗೆ ಬಂದವು.

ಈ ನಾಲ್ವರು ತಲೆಕೂದಲು ಬೆಳೆಸಿದರು, ಡ್ರಮ್ಸ್ ತಂದರು, ಬಣ್ಣದ ಬಟ್ಟೆ ಹಾಕಿದರು. ಗಾಸ್ಪೆಲ್ ವಲಯದ ಹಿರಿಯರಿಗೆ ಸಿಟ್ಟು ಬಂತು. ‘ಇವರು ದೇವರ ಕೆಲಸ ಬಿಟ್ಟರು’ ಎಂಬ ಮಾತು ಹಬ್ಬಿತು. ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಆ ಹಾಡುಗಳನ್ನು ಪ್ರಾರ್ಥನೆ ಎಂದು ನಂಬಿ ಕೇಳುತ್ತಿದ್ದವರು ಅವರು. ಹಾಡುವವನು ನಾಳೆ ಜೂಜುಕಟ್ಟೆಯ ಊರಾದ ಲಾಸ್ ವೇಗಸ್ಸಿನಲ್ಲೂ ಅದನ್ನೇ ಹಾಡಿದರೆ, ನಿನ್ನೆ ನಮ್ಮ ಮುಂದೆ ಹಾಡಿದ್ದಕ್ಕೆ ಬೆಲೆ ಏನು ಎಂಬ ನೋವು ಸಹಜವೇ. ಅತ್ತ ಕಂಟ್ರಿ ರೇಡಿಯೋದವರು ‘ಇವರು ಗಾಸ್ಪೆಲ್ಲಿನವರು’ ಎಂದು ಹಾಡು ಹಾಕುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ತಂಡ ದಿವಾಳಿಯ ಅಂಚಿಗೆ ಬಂತು.

ಆಗ ಕೈಹಿಡಿದವರು ಕಂಟ್ರಿಯ ದೊಡ್ಡವರೇ. ಜಾನಿ ಕ್ಯಾಷ್ 1973ರಲ್ಲಿ ತಮ್ಮ ಜೊತೆ ಒಂದು ಹಾಡು ರೆಕಾರ್ಡ್ ಮಾಡಿಸಿದರು, ತಮ್ಮ ಕಾರ್ಯಕ್ರಮಗಳಿಗೆ ಕರೆದರು. ಮ್ಯಾನೇಜರ್ ಜಿಮ್ ಹಾಲ್ಸಿ ಇವರನ್ನು ರಾಯ್ ಕ್ಲಾರ್ಕ್ ಎಂಬ ಕಂಟ್ರಿ ಗಾಯಕನ ಜೊತೆ ವೇದಿಕೆಗೆ ಹತ್ತಿಸಿದರು. 1976ರಲ್ಲಿ ಕ್ಲಾರ್ಕ್ ಜೊತೆ ಸೋವಿಯತ್ ಒಕ್ಕೂಟಕ್ಕೂ ಹೋಗಿಬಂದರು. ಚರ್ಚಿನಲ್ಲಿ ಬೆಳೆದ ಗಾಯಕರು ದೇವರನ್ನು ಒಪ್ಪದ ಸರ್ಕಾರದ ಅತಿಥಿಗಳಾದರು!

1977ರಲ್ಲಿ ಕೊನೆಗೂ ಹಾಡೊಂದು ಗೆದ್ದಿತು, ಕಂಟ್ರಿ ಪಟ್ಟಿಯಲ್ಲಿ 3ನೇ ಸ್ಥಾನ. ಹೆಸರು ‘ಯಾಲ್ ಕಮ್ ಬ್ಯಾಕ್ ಸಲೂನ್’. ಸಲೂನ್ ಅಂದರೆ ನಮ್ಮ ಕ್ಷೌರದಂಗಡಿ ಅಲ್ಲ ಮತ್ತೆ, ಅಮೆರಿಕದ ಹಳ್ಳಿಗಾಡಿನ ಹೆಂಡದಂಗಡಿ! ಹಳೆಯ ಅಭಿಮಾನಿಗಳಿಗೆ ಹೇಗಾಗಿರಬೇಡ? ತಮಾಷೆಯೆಂದರೆ ಆ ವರ್ಷದ ಲೆಕ್ಕದಲ್ಲೇ ಇವರಿಗೆ ಗಾಸ್ಪೆಲ್ ವಿಭಾಗದ ಗ್ರ್ಯಾಮಿಯೂ ಬಂತು.

1981ರಲ್ಲಿ ‘ಎಲ್ವೈರಾ’ ಬಂತು. ಡಲಾಸ್ ಫ್ರೇಜಿಯರ್ 1960ರ ದಶಕದಲ್ಲಿ ಬರೆದು ಹಾಡಿದ್ದ ಹಳೆಯ ಹಾಡು, ನ್ಯಾಶ್‌ವಿಲ್‌ನ ಒಂದು ರಸ್ತೆಯ ಹೆಸರು ನೋಡಿ ಹೊಳೆದದ್ದು. ಓಕ್ ರಿಡ್ಜ್ ಬಾಯ್ಸ್ ಹಾಡಿದ ಮೇಲೆ ಕಂಟ್ರಿ ಪಟ್ಟಿಯಲ್ಲಿ 1ನೇ ಸ್ಥಾನ, ಪಾಪ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಜನ ಹುಚ್ಚೆದ್ದದ್ದು ಸ್ಟರ್ಬನ್ನರ ಪಾತಾಳದಿಂದ ಬಂದಂಥ ಕೆಳದನಿಗೆ. ಅದು ಗಾಸ್ಪೆಲ್ ಕ್ವಾರ್ಟೆಟ್‌ಗಳ ಹಳೆಯ ವಿದ್ಯೆ. ಚರ್ಚುಗಳಲ್ಲಿ ದಶಕಗಳಿಂದ ಜನರನ್ನು ಬೆಂಚಿನಿಂದ ಏಳಿಸುತ್ತಿದ್ದ ಅದೇ ಕೆಳದನಿ, ಪದ ಮಾತ್ರ ಬೇರೆ.

ಇದೇ ದಾರಿಯನ್ನು ಇನ್ನೊಂದು ತಂಡ ಹೆಚ್ಚು ಜಾಣತನದಿಂದ ನಡೆಯಿತು. ವರ್ಜೀನಿಯಾದ ಸ್ಟಾಂಟನ್ ಊರಿನ ಸ್ಟ್ಯಾಟ್ಲರ್ ಬ್ರದರ್ಸ್. ನಾಲ್ವರಲ್ಲಿ ಅಣ್ಣತಮ್ಮಂದಿರು ಇಬ್ಬರೇ, ಯಾರ ಹೆಸರೂ ಸ್ಟ್ಯಾಟ್ಲರ್ ಅಲ್ಲ. ಹೋಟೆಲ್ ಕೋಣೆಯಲ್ಲಿದ್ದ ಟಿಶ್ಯೂ ಪೇಪರ್ ಡಬ್ಬಿಯ ಮೇಲಿನ ಹೆಸರನ್ನೇ ಇಟ್ಟುಕೊಂಡರು! ಇವರೂ ಗಾಸ್ಪೆಲ್ಲಿನಿಂದ ಬಂದವರು, 1964ರಿಂದ ಎಂಟು ವರ್ಷ ಜಾನಿ ಕ್ಯಾಷ್ ಜೊತೆ ಸುತ್ತಿದವರು. ಇವರು ಪೇಟೆಗೆ ಹೋಗುವಾಗ ಚರ್ಚಿಗೆ ಬೆನ್ನು ತಿರುಗಿಸಿದಂತೆ ಎಲ್ಲೂ ಕಾಣಿಸಲಿಲ್ಲ. ಶಾಲೆ, ಊರು, ಹಳೆಯ ಸಿನಿಮಾ ಇವೇ ಹಾಡಿನ ವಿಷಯಗಳು. 1991ರಿಂದ 1998ರವರೆಗೆ ಶನಿವಾರ ರಾತ್ರಿ ಬರುತ್ತಿದ್ದ ಇವರ ಟಿ.ವಿ. ಕಾರ್ಯಕ್ರಮದಲ್ಲಿ ಹಾಸ್ಯ, ಅತಿಥಿ ಗಾಯಕರು ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಗಾಸ್ಪೆಲ್ ಹಾಡು. ‘ಹೀ ಹಾ’ ಎಂಬ ಹಳ್ಳಿ ಹಾಸ್ಯದ ಕಾರ್ಯಕ್ರಮವೂ ಹೀಗೇ. 1969ರಲ್ಲಿ ಶುರುವಾದ ಅದನ್ನು ಸಿ.ಬಿ.ಎಸ್. ವಾಹಿನಿ 1971ರಲ್ಲಿ ಕೈಬಿಟ್ಟಿತು. ನಿರ್ಮಾಪಕರು ಬೇರೆ ಬೇರೆ ಕೇಂದ್ರಗಳಿಗೆ ತಾವೇ ಮಾರಿ ಮತ್ತೂ ಎರಡು ದಶಕ ನಡೆಸಿದರು. ಜೋಕುಗಳೆಲ್ಲ ಆದ ಮೇಲೆ ರಾಯ್ ಕ್ಲಾರ್ಕ್, ಬಕ್ ಓವೆನ್ಸ್ ಮತ್ತಿಬ್ಬರು ನಿಂತು ಭಕ್ತಿಗೀತೆ ಹಾಡುತ್ತಿದ್ದರು. ನಮ್ಮ ಕಡೆ ಎಷ್ಟು ಹೊತ್ತು ನಕ್ಕರೂ ಕೊನೆಗೆ ಮಂಗಳ ಹಾಡಿ ಏಳುವುದಿಲ್ಲವೆ, ಹಾಗೆ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಆದರೆ ಲೆಡ್ಜರಿಗೆ ಇನ್ನೊಂದು ಬದಿ ಇದೆ. ಈ ‘ಸಂಸಾರಸ್ಥರ ಕಾರ್ಯಕ್ರಮ’ದ ಸಂಸಾರ ಯಾರದು?

ಕ್ವಾರ್ಟೆಟ್ ಗಾಯನದಲ್ಲಿ ಕಪ್ಪು ಜನರ ತಂಡಗಳು ಯಾರಿಗೂ ಕಡಿಮೆ ಇರಲಿಲ್ಲ. ಬಿಳಿಯ ತಂಡಗಳು ಅವರಿಂದ ಕಲಿತದ್ದೂ ಬಹಳ. ಆಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರು ಡಿಫೋರ್ಡ್ ಬೇಲಿ, ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ. 1941ರಲ್ಲಿ ಅವರನ್ನು ತೆಗೆದುಹಾಕಿದರು. ಆಮೇಲೆ ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದರು. ತೀರಿಕೊಂಡದ್ದು 1982ರಲ್ಲಿ, ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2005ರಲ್ಲಿ.

ಸ್ಯಾಮ್ ಕುಕ್ ಕಥೆ ನೋಡಿ. ಸೋಲ್ ಸ್ಟಿರರ್ಸ್ ಎಂಬ ಕಪ್ಪು ಗಾಸ್ಪೆಲ್ ತಂಡದ ಮುಖ್ಯ ಗಾಯಕ. ಮೊದಲ ಪ್ರೇಮಗೀತೆಯ ರೆಕಾರ್ಡನ್ನು ಡೇಲ್ ಕುಕ್ ಎಂಬ ಸುಳ್ಳು ಹೆಸರಿನಲ್ಲಿ ತರಬೇಕಾಯಿತು. ಆ ದನಿ ಯಾರಿಗೆ ಗೊತ್ತಾಗುವುದಿಲ್ಲ? 1957ರಲ್ಲಿ ತಂಡ ಬಿಟ್ಟು ಪಾಪ್ ಗಾಯಕನಾದ, ತುಂಬಾ ಗೆದ್ದ. ಆದರೆ ಹಳೆಯ ಗಾಸ್ಪೆಲ್ ಅಭಿಮಾನಿಗಳಲ್ಲಿ ಅನೇಕರು ಕ್ಷಮಿಸಲಿಲ್ಲ. ಪ್ರೇಮಗೀತೆ ಹಾಡಿ, ಕೊನೆಗೆ ದೇವರ ಹಾಡು ಹಾಡಿ, ಎರಡೂ ಕಡೆಯವರನ್ನು ಒಟ್ಟಿಗೆ ಇಟ್ಟುಕೊಳ್ಳುವ ಶನಿವಾರ ರಾತ್ರಿಯ ವೇದಿಕೆ ಅವನಿಗೆ ಸಿಗಲಿಲ್ಲ. ಬಿಳಿಯ ಗಾಯಕರಿಗೆ ಹೊಳೆ ದಾಟಲು ಸೇತುವೆ ಇತ್ತು, ಅವನು ಹಾರಬೇಕಾಯಿತು. ಪ್ರತಿಭೆ ಅವನದೇನೂ ಕಡಿಮೆ ಇರಲಿಲ್ಲ. ಸೇತುವೆ ಕಟ್ಟಿದ ಇನ್ಶೂರೆನ್ಸ್, ಹಿಟ್ಟಿನ ಕಂಪನಿಗಳು ಯಾವ ಮನೆಯ ಬಾಗಿಲು ಮನಸ್ಸಿನಲ್ಲಿಟ್ಟುಕೊಂಡು ಕಾರ್ಯಕ್ರಮ ಮಾಡಿದ್ದವೋ ಆ ಮನೆ ಅವನದಾಗಿರಲಿಲ್ಲ, ಅಷ್ಟೇ.

ಓಕ್ ರಿಡ್ಜ್ ಬಾಯ್ಸ್ ಮುಂದೆ ಎರಡೂ ಮನೆಗೆ ಸೇರಿದವರಾದರು. 2000ದಲ್ಲಿ ಗಾಸ್ಪೆಲ್ಲಿನವರು, 2015ರಲ್ಲಿ ಕಂಟ್ರಿಯವರು ತಮ್ಮ ತಮ್ಮ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. 2018ರ ಡಿಸೆಂಬರಿನಲ್ಲಿ ಮಾಜಿ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅವರ ಹ್ಯೂಸ್ಟನ್ನಿನ ಅಂತ್ಯಸಂಸ್ಕಾರದಲ್ಲಿ ‘ಅಮೇಜಿಂಗ್ ಗ್ರೇಸ್’ ಹಾಡಿದ್ದು ಇವರೇ. ಜೋ ಬೊನ್ಸಾಲ್ 2024ರ ಜುಲೈಯಲ್ಲಿ ತೀರಿಕೊಂಡರು.

ಅವರು ದೇವರ ಹಾಡನ್ನು ಮಾರಿಕೊಂಡರೇ? ನನ್ನ ಮಟ್ಟಿಗೆ, ಇಲ್ಲ. ಆ ಹಾಡು 1910ರಿಂದಲೂ ಪೇಟೆಯಲ್ಲೇ ಇತ್ತು. ಅವರು ಗಿರಾಕಿಯನ್ನು ಬದಲಿಸಿದರು, ದನಿಯನ್ನು ಬದಲಿಸಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ನಿಜ, ಬಿಟ್ಟುಹೋದ ಹಳೆಯ ಕೇಳುಗರ ನೋವೂ ನಿಜ. ಎಂದಾದರೂ ‘ಎಲ್ವೈರಾ’ ಕೇಳಿದರೆ ಆ ಕೆಳದನಿಯನ್ನು ಗಮನಿಸಿ. ಅದಾದ ಮೇಲೆ ಸೋಲ್ ಸ್ಟಿರರ್ಸ್ ಜೊತೆ ಸ್ಯಾಮ್ ಕುಕ್ ಹಾಡಿದ ಒಂದು ಗಾಸ್ಪೆಲ್ಲನ್ನೂ ಹುಡುಕಿ ಕೇಳಿ. ಎರಡನ್ನೂ ಒಂದರ ಪಕ್ಕ ಒಂದು ಕೇಳಿದರೆ ನಾನು ಇಷ್ಟುದ್ದ ಬರೆದದ್ದು ಐದೇ ನಿಮಿಷದಲ್ಲಿ ತಿಳಿಯುತ್ತದೆ.