ಕೊಲ್ಹಾಪುರ ಸೀಮೆಯ ಕನ್ನಡಿಗರ ನಿಘಂಟುಗಳು: ಓಲೆಗರಿಯಿಂದ ಅಂತರಜಾಲಕ್ಕೆ

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ ಬೆಳಗಾವಿ ಜಿಲ್ಲೆಗೆ ಅಂಟಿಕೊಂಡಿದೆ. ಗಡಹಿಂಗ್ಲಜದಿಂದ ಹೊರಟರೆ ಸ್ವಲ್ಪ ಹೊತ್ತಿಗೆ ಸಂಕೇಶ್ವರ ಸಿಗುತ್ತದೆ. ಇಚಲಕರಂಜಿಯ ಮಗ್ಗದ ಶೆಡ್ಡುಗಳಿಂದ ನಿಪ್ಪಾಣಿ ಸೀಮೆಯೂ ದೂರವಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಬಳಸುವ ಕುಟುಂಬಗಳು ಇಲ್ಲಿ ಹೊಸತಲ್ಲ. ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳು ಹೆಚ್ಚಾಗಿರುವುದು ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಗೆ. ಕೊಲ್ಹಾಪುರ ಭಾಗದಲ್ಲಿ ಕನ್ನಡ ಮನೆಮಾತಿನ ಮಕ್ಕಳು ಬಹುಪಾಲು ಮರಾಠಿಯಲ್ಲೇ ಓದುತ್ತಾರೆ. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗೂ ಶಿಕ್ಷಕರಿಗೂ ಬೇಕಾದದ್ದು ಮೂರು ಭಾಷೆಗಳ ನಡುವೆ ಓಡಾಡಲು ನೆರವಾಗುವ ನಿಘಂಟು. ಈ ಸೀಮೆಗೆ ಒದಗಿಬಂದ ಪದಸಾಧನಗಳ ಚರಿತ್ರೆಯನ್ನು ಈ ಲೇಖನ ಹೇಳುತ್ತದೆ.

ಹಳೆಯ ಹಿನ್ನೆಲೆ

ಶಿಲಾಹಾರರ ಕಾಲದ ಕೊಲ್ಹಾಪುರ ಕನ್ನಡ ಶಾಸನಗಳ ನಾಡು. 'ನೇಮಿನಾಥಪುರಾಣ' ಬರೆದ ಕರ್ಣಪಾರ್ಯನಿಗೆ 12ನೆಯ ಶತಮಾನದಲ್ಲಿ ಆಶ್ರಯ ಸಿಕ್ಕಿದ್ದು ಶಿಲಾಹಾರ ವಿಜಯಾದಿತ್ಯನ ಅಧಿಕಾರಿಯಿಂದ. ಭಾಷಾಶಾಸ್ತ್ರಕ್ಕೂ ಇಲ್ಲಿ ನೆಲೆಯಿತ್ತು. 1205ರಲ್ಲಿ, ಇಮ್ಮಡಿ ಭೋಜನ ಆಳ್ವಿಕೆಯಲ್ಲಿ, ಸೋಮದೇವನೆಂಬ ಜೈನ ಪಂಡಿತ ಜೈನೇಂದ್ರ ವ್ಯಾಕರಣಕ್ಕೆ 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಖ್ಯಾನ ಬರೆದ. ಅದನ್ನು ಬರೆದ ಅಜುರಿಕೆ ಎಂಬ ಊರೇ ಗಡಹಿಂಗ್ಲಜಕ್ಕೆ ನೆರೆಯ ಇಂದಿನ ಆಜರೆ.

ಆಗಿನ ಕನ್ನಡ ನಿಘಂಟುಗಳು ಪದ್ಯದಲ್ಲಿದ್ದವು. ರನ್ನನ ಹೆಸರಿನಲ್ಲಿರುವ 'ರನ್ನಕಂದ', ನಾಗವರ್ಮನ 'ಅಭಿಧಾನವಸ್ತುಕೋಶ', 1398ರ 'ಮಂಗಾಭಿಧಾನ', ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ಇವೆಲ್ಲ ಬಾಯಿಪಾಠಕ್ಕೆ ಒಗ್ಗುವಂಥವು. ಪದ ಬೇಕಾದಾಗ ಪುಟ ತೆರೆದು ಹುಡುಕುವ ಅಭ್ಯಾಸ ಬಂದದ್ದು ಅಚ್ಚಿನ ಜೊತೆಗೆ.

ಮಿಷನರಿಗಳ ಕೋಶಗಳು

ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ಜೇಮ್ಸ್ ಮೋಲ್ಸ್‌ವರ್ಥ್‌ನ ಮರಾಠಿ-ಇಂಗ್ಲಿಷ್ ಕೋಶ (1831) ಬಂತು. ಇಂದಿಗೂ ಬಳಕೆಯಲ್ಲಿರುವುದು ಅದರ 1857ರ ಎರಡನೆಯ ಆವೃತ್ತಿ. ಎರಡು ಭಾಷೆಗಳಿಗೂ ನಿಘಂಟು ಸಿಕ್ಕಿತು, ಆದರೆ ಎರಡೂ ಇಂಗ್ಲಿಷಿಗೆ ಮುಖಮಾಡಿದ್ದವು. ಕನ್ನಡದಿಂದ ಮರಾಠಿಗೆ ಹೋಗಬೇಕಾದವರು ನಡುವೆ ಇಂಗ್ಲಿಷ್ ದಾಟಲೇಬೇಕಾಯಿತು.

ಫರ್ಡಿನಾಂಡ್ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಪದಗಳ ಈ ಕೋಶ ಕೊಲ್ಹಾಪುರ ಸೀಮೆಯವರಿಗೆ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಕಿಟೆಲ್ ಹುಬ್ಬಳ್ಳಿ, ಧಾರವಾಡಗಳಲ್ಲೂ ಕೆಲಸ ಮಾಡಿದವನು. ಪದವೊಂದು ಎಲ್ಲಿ ಬಳಕೆಯಲ್ಲಿದೆ ಎಂದು ಅವನು ಚಿಕ್ಕ ಸಂಕೇತಗಳಲ್ಲಿ ಗುರುತು ಹಾಕುತ್ತ ಹೋದ. ಮೈಸೂರಿನ ಮಾತಿಗೆ ಒಂದು ಗುರುತು, 'ದಕ್ಷಿಣ ಮರಾಠಾ ಸೀಮೆ'ಯ ಮಾತಿಗೆ ಇನ್ನೊಂದು. ಧಾರವಾಡ, ಬೆಳಗಾವಿ, ವಿಜಯಪುರಗಳ ಜೊತೆಗೆ ಕೊಲ್ಹಾಪುರ, ಸಾಂಗಲಿಗಳ ಸಂಸ್ಥಾನಗಳನ್ನೂ ಆಗ ಆ ಹೆಸರಿನಲ್ಲಿ ಕರೆಯುತ್ತಿದ್ದರು. ಪಠ್ಯಪುಸ್ತಕದ ಕನ್ನಡದಲ್ಲಿ ಕಾಣದ ಅಜ್ಜಿಯ ಮಾತೊಂದು ಆ ಗುರುತಿನೊಂದಿಗೆ ಕಿಟೆಲ್‌ನಲ್ಲಿ ಸಿಗುವುದುಂಟು. ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ರಾಜಾರಾಮ್ ಕಾಲೇಜಿನ ಕಾಲ

1880ರಲ್ಲಿ ಆರಂಭವಾದ ಕೊಲ್ಹಾಪುರದ ರಾಜಾರಾಮ್ ಕಾಲೇಜು 20ನೆಯ ಶತಮಾನದ ಮೊದಲರ್ಧದಲ್ಲಿ ಕನ್ನಡ ವಿದ್ವತ್ತಿನ ಕೇಂದ್ರಗಳಲ್ಲೊಂದಾಗಿತ್ತು. ಇಲ್ಲಿ ಕನ್ನಡ ಕಲಿಸಿದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು 1930ರಿಂದ ಇಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರು. ಕುಂದಣಗಾರರು 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೂ ಉಪಾಧ್ಯೆಯವರು 1967ರ ಶ್ರವಣಬೆಳಗೊಳದ ಸಮ್ಮೇಳನಕ್ಕೂ ಅಧ್ಯಕ್ಷರಾದರು. ಪಕ್ಕದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಪಾಠ ಹೇಳುತ್ತಿದ್ದರು. ಪ್ರಾಕೃತ, ಸಂಸ್ಕೃತ, ಕನ್ನಡ, ಮರಾಠಿಗಳನ್ನು ಅಕ್ಕಪಕ್ಕ ಇಟ್ಟು ಓದಬಲ್ಲ ಅಧ್ಯಾಪಕರೇ ಆಗ ವಿದ್ಯಾರ್ಥಿಗಳ ಪಾಲಿಗೆ ಜೀವಂತ ಬಹುಭಾಷಾ ಕೋಶ.

1956ರ ರಾಜ್ಯ ಪುನರ್ವಿಂಗಡಣೆ, 1962ರ ಶಿವಾಜಿ ವಿಶ್ವವಿದ್ಯಾಲಯ, 1967ರ 'ಬಾಲಭಾರತಿ' ಪಠ್ಯಪುಸ್ತಕ ಮಂಡಳಿ, ಈ ಮೂರರ ನಂತರ ಚಿತ್ರ ಬದಲಾಯಿತು. ಪುಣೆಯ ಬಾಲಭಾರತಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯ ಅಚ್ಚುಹಾಕುತ್ತದೆ. ಇವತ್ತು ಅವು ಪಿಡಿಎಫ್ ರೂಪದಲ್ಲೂ ಸಿಗುತ್ತವೆ. ಒಂದೇ ವಿಜ್ಞಾನ ಪಾಠದ ಮರಾಠಿ, ಕನ್ನಡ, ಇಂಗ್ಲಿಷ್ ಪುಟಗಳನ್ನು ಎದುರುಬದುರು ತೆರೆದರೆ ಪಾರಿಭಾಷಿಕ ಪದಗಳು ಸಾಲಾಗಿ ಸಿಗುತ್ತವೆ. ನಿಘಂಟು ಎಂಬ ಹೆಸರಿಲ್ಲದಿದ್ದರೂ ಶಿಕ್ಷಕರಿಗೆ ಇದು ಕೈಗೆಟುಕುವ ತ್ರಿಭಾಷಾ ಕೋಶ. ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯಗೊಳಿಸಿದ 2020ರ ಕಾಯ್ದೆಯ ನಂತರ ಅದರ ಅಗತ್ಯ ಇನ್ನೂ ಹೆಚ್ಚಿದೆ.

ಪರದೆಗೆ ಬಂದ ಲಿಪಿ

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಬಹುಕಾಲ ಕಂಪ್ಯೂಟರಿನ ಕನ್ನಡವೆಂದರೆ ಫಾಂಟಿಗೆ ಕಟ್ಟಿಬಿದ್ದ ಕನ್ನಡ. ಒಂದು ತಂತ್ರಾಂಶದಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ಅರ್ಥವಾಗದ ಗೀಟುಗಳಾಗಿ ಕಾಣುತ್ತಿತ್ತು. ಹಾಗಿರುವಾಗ ಪದ ಹುಡುಕುವುದೆಲ್ಲಿ? ಶೇಷಾದ್ರಿ ವಾಸು ಅವರ 'ಬರಹ' (1998), ಕನ್ನಡ ಗಣಕ ಪರಿಷತ್ತಿನ 'ನುಡಿ' ಟೈಪಿಂಗ್ ಸುಲಭ ಮಾಡಿದವು. ಯುನಿಕೋಡ್ ಎಲ್ಲೆಡೆ ಹರಡಿದ ಮೇಲೆ ಹುಡುಕಾಟವೂ ಸಾಧ್ಯವಾಯಿತು.

ಆ ಹೊತ್ತಿಗೆ ಅಚ್ಚಿನ ಕೋಶಗಳು ತುಂಬಿಕೊಂಡಿದ್ದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ಕ್ಕೆ ಮುಗಿದಿತ್ತು. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರಿಸುತ್ತಿದ್ದರು. ಅಂತರಜಾಲದ ನಿಘಂಟುಗಳು ಈ ದುಡಿಮೆಯ ಮೇಲೆಯೇ ನಿಂತಿವೆ.

ಇಂದಿನ ಸಾಧನಗಳು

'ಅಲರ್' 2019ರಲ್ಲಿ ತೆರೆದ ಕನ್ನಡ-ಇಂಗ್ಲಿಷ್ ಕೋಶ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2,40,000 ಅರ್ಥಗಳು ಇದರಲ್ಲಿವೆ. ಮಲಯಾಳದ 'ಓಲಂ' ನಿಘಂಟನ್ನು ರೂಪಿಸಿದ್ದ ಕೈಲಾಶ್ ನಾಧ್ ಇದಕ್ಕೆ ಜಾಲತಾಣ ಕಟ್ಟಿದರು. ಕನ್ನಡ ಪದಗಳನ್ನು ಉಚ್ಚಾರದ ಆಧಾರದಲ್ಲಿ ಪಟ್ಟಿಮಾಡುವ 'ಕೆಎನ್‌ಫೋನ್' ಎಂಬ ಕ್ರಮವೂ ಅವರದೇ. ಮರಾಠಿ ಮಾಧ್ಯಮದಲ್ಲಿ ಓದಿ ಕನ್ನಡ ಕಾಗುಣಿತದಲ್ಲಿ ಹಿಂಜರಿಯುವವರಿಗೆ ಇಂಥ ಹುಡುಕಾಟ ಅನುಕೂಲ: ಅಕ್ಷರ ಒಂದಿಷ್ಟು ತಪ್ಪಿದರೂ ಕಿವಿಗೆ ಹತ್ತಿರದ ಪದ ಎದುರಿಗೆ ಬರುತ್ತದೆ.

ಕರ್ನಾಟಕ ಸರ್ಕಾರದ 'ಪದಕಣಜ' ಹಲವು ನಿಘಂಟು, ಪಾರಿಭಾಷಿಕ ಕೋಶಗಳನ್ನು ಒಂದೇ ಹುಡುಕುಪೆಟ್ಟಿಗೆಯ ಅಡಿ ತಂದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ 2016ರಲ್ಲಿ ಹೊರಬಂದ 'ಭಾರತವಾಣಿ' ಬೇರೆ ಬೇರೆ ಭಾಷೆಗಳ ಕೋಶಗಳ ಸಂಗ್ರಹ. ಕನ್ನಡ ವಿಕ್ಷನರಿಗೆ ಯಾರು ಬೇಕಾದರೂ ಪದ ಸೇರಿಸಬಹುದು. ಮೋಲ್ಸ್‌ವರ್ಥ್ ಕೋಶ, ಬರ್ರೋ-ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಎರಡೂ ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟು ತಾಣದಲ್ಲಿವೆ. ಕಿಟೆಲ್‌ನ 1894ರ ಮುದ್ರಣದ ಸ್ಕ್ಯಾನ್ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟ ತಿರುವಿ ನೋಡಬಹುದು. ಗೂಗಲ್ ಅನುವಾದಕ್ಕೆ ಕನ್ನಡ 2011ರಲ್ಲೂ ಮರಾಠಿ 2013ರಲ್ಲೂ ಸೇರಿದವು.

ಉಳಿದ ತೊಡಕುಗಳು

ಮೊದಲನೆಯದು ವ್ಯಾಕರಣದ್ದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುತ್ತವೆ. ಪಾಠದಲ್ಲಿ ಕಂಡ 'ಮರಗಳಲ್ಲಿ'ಯನ್ನು ಹಾಗೆಯೇ ಒತ್ತಿದರೆ ಅನೇಕ ಕೋಶಗಳು ಕೈಚೆಲ್ಲುತ್ತವೆ. 'ಮರ'ವನ್ನು ಬಿಡಿಸಿಕೊಟ್ಟರೆ ಅರ್ಥ ಸಿಗುತ್ತದೆ. 'ಹೋಗಿದ್ದರಂತೆ' ಎಂಬಲ್ಲಿ 'ಹೋಗು' ಎಂಬ ಧಾತು ಹುಡುಕುವುದು ಇನ್ನಷ್ಟು ಕಷ್ಟ. ಆದ್ದರಿಂದ ನಿಘಂಟು ಬಳಸುವುದನ್ನು ಕಲಿಸುವ ಶಿಕ್ಷಕರು ಮೊದಲು ಪದ ಬಿಡಿಸುವುದನ್ನು ಕಲಿಸಬೇಕಾಗುತ್ತದೆ.

ಎರಡನೆಯದು 1831ರಿಂದ ಬಂದ ತೊಡಕು, ಇಂಗ್ಲಿಷಿನ ಮೂಲಕ ಬಳಸುದಾರಿ. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರಿಂದ. ಅಲ್ಲಿನ ಮರಾಠಿ ನೇಕಾರ 'ಧೋಟಾ' ಎನ್ನುವುದನ್ನು ಕನ್ನಡ ನೇಕಾರ 'ಲಾಳಿ' ಎನ್ನುತ್ತಾನೆ. ಒಂದೇ ಶೆಡ್ಡಿನಲ್ಲಿ ದುಡಿಯುವವರಿಗೆ ಇದು ಗೊತ್ತು. ಪರದೆಯ ಮೇಲೆ ಹುಡುಕುವ ವಿದ್ಯಾರ್ಥಿ ಮಾತ್ರ ಧೋಟಾದಿಂದ 'ಶಟಲ್'ಗೆ ಹೋಗಿ, ಅಲ್ಲಿ ಬ್ಯಾಡ್ಮಿಂಟನ್ ಆಟ, ಬಾಹ್ಯಾಕಾಶ ನೌಕೆ, ಎರಡು ಊರುಗಳ ನಡುವೆ ಓಡಾಡುವ ಬಸ್ಸು ಎಲ್ಲವನ್ನೂ ದಾಟಿ ಲಾಳಿಯನ್ನು ಮುಟ್ಟಬೇಕು. ಐಐಟಿ ಮುಂಬಯಿ ಮುಂದಾಳತ್ವದ 'ಇಂಡೋವರ್ಡ್‌ನೆಟ್' ಪದಕ್ಕೆ ಬದಲು ಅರ್ಥಗಳನ್ನೇ ಜೋಡಿಸಿ ಭಾರತೀಯ ಭಾಷೆಗಳನ್ನು ಬೆಸೆದಿದೆ. ಅದರಲ್ಲಿ ಇಂಗ್ಲಿಷಿನ ಬದಲು ಹಿಂದಿ ನಡುವಿನ ಭಾಷೆ.

ನೇರವಾದ ಕನ್ನಡ-ಮರಾಠಿ ಅಂತರಜಾಲ ಕೋಶ ಕಟ್ಟಲು ಬೇಕಾದ ಸಾಮಗ್ರಿ ಈಗಾಗಲೇ ಇದೆ. ಅಲರ್‌ನ ದತ್ತಾಂಶ ಮುಕ್ತ ಪರವಾನಗಿಯಲ್ಲಿದೆ. ಮೋಲ್ಸ್‌ವರ್ಥ್ ಮತ್ತು ಕಿಟೆಲ್ ಕೋಶಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಎರಡೂ ಕಡೆಯ ಅರ್ಥಗಳನ್ನು ಒಂದೊಂದಾಗಿ ತಾಳೆ ನೋಡಬಲ್ಲ ದ್ವಿಭಾಷಿಕರಿಗೆ ಗಡಹಿಂಗ್ಲಜ, ಇಚಲಕರಂಜಿಗಳಲ್ಲಿ ಬರವಿಲ್ಲ.