ದ್ಯೂತದ ಪಾಲು ಮತ್ತು ರಾಜಭಂಡಾರ: ಮಿತಾಕ್ಷರದಿಂದ ಲಾಟರಿಯವರೆಗೆ

ಇಂದಿನ ಬಸವಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಇಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿಯ ಹಂಚಿಕೆಯ ವಿಷಯದಲ್ಲಿ ಈ ಗ್ರಂಥದ ಪ್ರಾಮಾಣ್ಯವನ್ನು ಎಲ್ಲರೂ ಬಲ್ಲರು. ಆದರೆ ಅದರಲ್ಲಿ ದ್ಯೂತದ ಪ್ರಕರಣವೂ ಉಂಟೆಂಬುದು ಹಲವರ ಗಮನಕ್ಕೆ ಬಂದಿರಲಾರದು.

ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರದೂಡಬೇಕೆಂದು ವಿಧಿಸಿದನು. ಯಾಜ್ಞವಲ್ಕ್ಯನ ಮಾರ್ಗ ಬೇರೆ. ಜೂಜಿನ ಮನೆಯ ಒಡೆಯನಾದ ‘ಸಭಿಕ’ನು ನೂರು ಮತ್ತು ಅದಕ್ಕೆ ಮೇಲ್ಪಟ್ಟ ಪಣದಲ್ಲಿ ಶೇಕಡಾ 5ರಷ್ಟನ್ನೂ, ಉಳಿದವರಿಂದ ಶೇಕಡಾ 10ರಷ್ಟನ್ನೂ ಪಡೆಯಬಹುದು, ತನಗೆ ದೊರೆತ ರಕ್ಷಣೆಗೆ ಪ್ರತಿಯಾಗಿ ಅರಸನಿಗೆ ಗೊತ್ತುಪಡಿಸಿದ ಪಾಲನ್ನು ಸಲ್ಲಿಸಬೇಕು. ಆಟವು ಒಂದೇ ಮೇಲ್ವಿಚಾರಣೆಯಲ್ಲಿ ನಡೆದರೆ ಕಳ್ಳರನ್ನು ಪತ್ತೆಹಚ್ಚಬಹುದೆಂಬುದು ಅವನ ಸಮರ್ಥನೆ. ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು: ಅಲ್ಪ ಪಣದವನು ತೆರುವ ದರವು ದೊಡ್ಡ ಪಣದವನದಕ್ಕಿಂತ ಇಮ್ಮಡಿ.

ಎಂಟು ಶತಮಾನಗಳ ತರುವಾಯ ಅದೇ ಪ್ರಶ್ನೆ ಸ್ವತಂತ್ರ ಭಾರತದ ಮುಂದೆ ನಿಂತಿತು. ಜೂಜು ವ್ಯಾಪಾರವೆನಿಸಿಕೊಳ್ಳಲಾರದೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಪಿತ್ತಿತು. ಆದರೆ ರಾಜ್ಯಗಳು ತಾವೇ ನಡೆಸುವ ಲಾಟರಿಗೆ ಸಂವಿಧಾನದಲ್ಲಿ ಅವಕಾಶವಿತ್ತು. ಕೇರಳವು 1967ರಲ್ಲಿ ಲಾಟರಿ ಇಲಾಖೆಯನ್ನು ತೆರೆಯಿತು. ಟಿಕೆಟಿನ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಆ ದಶಕ ಮುಗಿಯುವುದರೊಳಗೆ ಮಹಾರಾಷ್ಟ್ರ, ಮೈಸೂರು ರಾಜ್ಯಗಳೂ ಅದೇ ಹಾದಿ ಹಿಡಿದವು. ತೆರಿಗೆಯೆಂದರೆ ಗೊಣಗುವ ಜನ ಟಿಕೆಟನ್ನು ಸಂತೋಷದಿಂದ ಕೊಳ್ಳುವರೆಂಬ ಎಣಿಕೆ ಬಡ ಬೊಕ್ಕಸಗಳಿಗೆ ಹಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಲಾಟರಿಯ ಪರವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಟಿಕೆಟು ಮಾರಿ ಬದುಕಿದ ವೃದ್ಧರೂ ಅಂಗವಿಕಲರೂ ಉಂಟು. ಕೇರಳದಲ್ಲಿ 2011ರಲ್ಲಿ ಆರಂಭವಾದ ‘ಕಾರುಣ್ಯ’ ಲಾಟರಿಯ ಆದಾಯವು ಬಡರೋಗಿಗಳ ಚಿಕಿತ್ಸೆಗೆ ನೆರವಾಯಿತು. ಆದರೆ ಲೆಕ್ಕದ ಪುಸ್ತಕ ಬೇರೆಯದನ್ನೇ ಹೇಳುತ್ತದೆ. 100 ರೂಪಾಯಿಯ ಮಾರಾಟದಲ್ಲಿ 50 ರೂಪಾಯಿ ಬಹುಮಾನಕ್ಕೆ ಹೋಗುವುದೆಂದು ಇಟ್ಟುಕೊಳ್ಳೋಣ. ಆಗ ಕೊಂಡವರೆಲ್ಲರೂ ಒಟ್ಟಾಗಿ, ಡ್ರಾ ನಡೆಯುವ ಮೊದಲೇ, ಅರ್ಧ ಕಳೆದುಕೊಂಡಂತಾಯಿತು. ವ್ಯಾಪಾರದಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಲಾಭವಿರಬಹುದು. ಇಲ್ಲಿ ಒಬ್ಬನ ಗಳಿಕೆಯೆಂದರೆ ಸಾವಿರಾರು ಜನರ ನಷ್ಟವೇ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ ಹಿರಿಯರು ಇದನ್ನು ಅರಿತಿದ್ದರು.

1998ರ ಲಾಟರಿ ನಿಯಂತ್ರಣ ಕಾಯಿದೆಯು ಒಂದಂಕಿ ಲಾಟರಿಯನ್ನು ತಡೆದು, ವಾರಕ್ಕೆ ಒಂದೇ ಡ್ರಾ ಎಂಬ ಮಿತಿ ಹಾಕಿತು. ಸರಕಾರವೇ ನಡೆಸಿದರೂ ಲಾಟರಿಯ ಜೂಜಿನ ಗುಣ ಅಳಿಯದೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಹೇಳಿತು. ಕರ್ನಾಟಕವು 2007ರಲ್ಲಿ ಲಾಟರಿ ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸಿತು. ಮನುವಿನ ಪಕ್ಷ ಗೆದ್ದಿತು.

ಆದರೆ ಗೆಲುವಿಗೂ ಗಡಿಯುಂಟು. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿ ಬಸವಕಲ್ಯಾಣ ತಾಲ್ಲೂಕನ್ನು ದಾಟಿದರೆ ಮಹಾರಾಷ್ಟ್ರದ ಉಮರ್ಗಾ; ಅಲ್ಲಿ ಲಾಟರಿ ಕಾನೂನುಬದ್ಧ. ಮೊಬೈಲಿಗಂತೂ ಗಡಿಯೇ ಇಲ್ಲ. ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಸಂಸತ್ತು 2025ರಲ್ಲಿ ಕಾಯಿದೆ ಮಾಡಬೇಕಾಯಿತು. ಕಾಯಿದೆಯು ಅಂಗಡಿಯನ್ನು ಮುಚ್ಚಬಲ್ಲದು, ಆಸೆಯನ್ನಲ್ಲ. ಇದೇ ಬೀದರ್ ಜಿಲ್ಲೆಯ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಿಂದ ಸ್ವಸಹಾಯ ಗುಂಪುಗಳನ್ನು ಬೆಳೆಸಿ, ಹಳ್ಳಿಯ ಹೆಂಗಸರ ಪುಟ್ಟ ಉಳಿತಾಯಕ್ಕೆ ಸಾಲದ ಬಲ ಕೊಟ್ಟಿತು. ಟಿಕೆಟಿಗೆ ಹೋಗುವ ಹಣ ಬಡವನದಾದರೆ ಉಳಿತಾಯಕ್ಕೆ ಬರುವುದೂ ಅವನದೇ. ಅದು ಯಾವ ಕಡೆಗೆ ಹರಿಯಬೇಕೆಂಬುದನ್ನು ಅರಸನ ಭಂಡಾರವೊಂದೇ ಅಲ್ಲ, ಅವನ ನೆರೆಹೊರೆಯ ಉಳ್ಳವರ ನಡತೆಯೂ ನಿರ್ಧರಿಸುತ್ತದೆ.