ಮಾಜಾಳಿಯ ಗಡಿಯೂ ಕೂಲಿಯ ಕಾಯದೆಯೂ

ಕಾರವಾರದಿಂದ ಕಾಳೀ ನದಿಯನ್ನು ದಾಟಿ, ಸದಾಶಿವಗಡವನ್ನು ಹಿಂದಿಟ್ಟು, ಮಾಜಾಳಿಯವರೆಗೆ ನೀವು ಒಮ್ಮೆಯಾದರೂ ಹೋಗಿರಬಹುದು. ಅದರಾಚೆ ಪೋಳೆಂ, ಗೋವೆಯ ಕಾಣಕೋಣ ತಾಲೂಕಿನ ಊರು. ಇಂದು ಅದು ನೆರೆಯ ರಾಜ್ಯ. 1961ರ ಡಿಸೆಂಬರ್ 19ರವರೆಗೆ ಪೋರ್ತುಗೀಜರ ಆಡಳಿತದಲ್ಲಿದ್ದ ಪರದೇಶ. ಎರಡೂ ಕಡೆ ಕೊಂಕಣಿ ಮಾತು, ನಂಟರು ಬೀಗರು. ಆದರೆ ಅರಸೊತ್ತಿಗೆ ಬೇರೆ. ಹೀಗಿರುವಾಗ ಗಡಿಯ ಒಂದು ಕಡೆಯ ಧಣಿ ಇನ್ನೊಂದು ಕಡೆಯ ಆಳನ್ನು ಕೆಲಸಕ್ಕೆ ಕರೆದರೆ ಯಾವ ಕಾಯದೆ ನಡೆಯಬೇಕು?

ಆಳಿಗೆ ಮುಂಗಡ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ, ದುಡಿ ಇಲ್ಲವೆ ಹಣ ಹಿಂತಿರುಗಿಸು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಲು 1859ರ ಕಾಯದೆಯೊಂದು ಅಧಿಕಾರ ಕೊಟ್ಟಿತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಮೊದಲು ಕಲಕತ್ತೆ, ಮದರಾಸು, ಮುಂಬಯಿ ಪಟ್ಟಣಗಳಿಗಾಗಿ ಮಾಡಿದ ಇದನ್ನು ಬೇರೆಡೆಗೂ ವಿಸ್ತರಿಸಬಹುದಿತ್ತು. ಧಣಿಯ ಕೈಯ ಈ ಚಾಟಿ 1925ರ ಕಾಯದೆಯಿಂದ ರದ್ದಾಯಿತು. ಆದರೆ ಅದರ ಬಲವಿದ್ದಾಗಲೂ ಮ್ಯಾಜಿಸ್ಟ್ರೇಟರ ಆಜ್ಞೆ ಗಡಿಯ ಕಲ್ಲಿನ ಬಳಿಯೇ ನಿಲ್ಲುತ್ತಿತ್ತು.

ಇನ್ನು ಆಳಿನ ರಕ್ಷಣೆಯನ್ನು ನೋಡಿ. ಹೊರನಾಡಿಗೆ ದುಡಿಯಲು ಹೋಗುವವರಿಗಾಗಿ 1883ರಲ್ಲಿಯೂ ಮತ್ತೆ 1922ರಲ್ಲಿಯೂ ವಲಸೆ ಕಾಯದೆಗಳು ಬಂದವು. ಎರಡರಲ್ಲಿಯೂ ವಲಸೆಯೆಂದರೆ ‘ಸಮುದ್ರದ ಮೂಲಕ’ ಹೊರಡುವುದು. ಹಡಗು ಹತ್ತುವವನಿಗೆ ಲೆಕ್ಕವಿತ್ತು. ಬುತ್ತಿ ಕಟ್ಟಿಕೊಂಡು ಮಾಜಾಳಿಯ ಗಡಿಯನ್ನು ನಡೆದು ದಾಟುವವನಿಗೆ ಇರಲಿಲ್ಲ!

ಕಾಯದೆ ಗಡಿ ದಾಟಲಾರದೆಂದು ತಿಳಿಯಬೇಡಿ. 1878ರ ಆಂಗ್ಲ-ಪೋರ್ತುಗೀಜ ಒಪ್ಪಂದದಿಂದ ಗೋವೆಯ ಉಪ್ಪಿನ ಉತ್ಪಾದನೆಯೇ ಬ್ರಿಟಿಷ್ ಸರಕಾರದ ಹತೋಟಿಗೆ ಬಂದಿತು. ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ ಸಂದಾಯವಾಗುತ್ತಿತ್ತು. 1892ರಲ್ಲಿ ಒಪ್ಪಂದ ಮುಗಿಯಿತು. ಉಪ್ಪಿನ ಕಾಯದೆಯನ್ನು ಅಂಕೋಲೆಯ ಜನ 1930ರಲ್ಲಿ ಮುರಿದರು; ಗೋವೆಯ ಉಪ್ಪುಗಾರರಿಗೆ ಅದರ ಬಿಸಿ ಅರ್ಧ ಶತಮಾನದ ಮೊದಲೇ ತಟ್ಟಿತ್ತು. ಬೊಕ್ಕಸದ ಹಿತವಿದ್ದಾಗ ಗಡಿ ದಾಟಿದ ಕಾಯದೆ, ಕೂಲಿಯವನ ಹಿತಕ್ಕೆ ದಾಟಲಿಲ್ಲ.

1923ರ ಕೆಲಸಗಾರರ ಪರಿಹಾರ ಕಾಯದೆ, 1936ರ ವೇತನ ಪಾವತಿ ಕಾಯದೆ, 1948ರ ಕನಿಷ್ಠ ವೇತನ ಕಾಯದೆ, ಇವೆಲ್ಲ ಈಚೆಯ ದಡದವು. ಆಚೆಯ ಗಣಿಯಲ್ಲಿ ಕೈ ಮುರಿದುಕೊಂಡವನು ಇವನ್ನು ಹಿಡಿದು ಅಲ್ಲಿಯ ಧಣಿಯನ್ನು ಕೇಳುವಂತಿರಲಿಲ್ಲ. 1955ರಲ್ಲಿ ಭಾರತವು ಪೋರ್ತುಗಲ್ಲಿನೊಡನೆ ಸಂಬಂಧವನ್ನು ಕಡಿದುಕೊಂಡಿತು. ಗಡಿಯ ದಾರಿ ಇನ್ನೂ ಬಿಗಿಯಾಯಿತು. ಗೋವೆಯ ವಿಮೋಚನೆಯ ಬಳಿಕ, 1962ರಿಂದ, ಭಾರತದ ಅನೇಕ ಕಾಯದೆಗಳು ಅಲ್ಲಿಗೆ ವಿಸ್ತರಿಸಿದವು.

ಮುಂದೆ 1979ರಲ್ಲಿ, ಗುತ್ತಿಗೆದಾರರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೆಲಸಗಾರರಿಗಾಗಿ ಪ್ರತ್ಯೇಕ ಕಾಯದೆಯಾಯಿತು. ಲೈಸೆನ್ಸು, ಪ್ರಯಾಣದ ಭತ್ತೆ, ಫೋಟೋ ಅಂಟಿಸಿದ ಪಾಸ್‌ಬುಕ್ಕು ಇವನ್ನೆಲ್ಲ ಅದು ವಿಧಿಸಿತು. ಪರದೇಶದ ನೌಕರಿಗಾಗಿ ಬಂದ 1983ರ ವಲಸೆ ಕಾಯದೆಯ ವ್ಯಾಖ್ಯೆಯಲ್ಲಿ ಸಮುದ್ರದ ಮಾತೇ ಇಲ್ಲ. ಭಾರತದಿಂದ ಹೊರಡುವುದಷ್ಟೇ ಸಾಕು.

ಹೊರಗಿನಿಂದ ಆಳನ್ನು ಕರೆಯುವವರು ನೀವಾಗಿರಬಹುದು, ನಿಮ್ಮ ಮನೆಯ ಮಗನೇ ಹೊರಗೆ ದುಡಿಯಲು ಹೊರಟಿರಬಹುದು. ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ, ತಕರಾರು ಬಂದರೆ ಯಾವ ಊರಿನ ಕಾಯದೆ, ಯಾವ ನ್ಯಾಯಾಲಯ ಎಂಬುದನ್ನೂ ಕೇಳಿ, ಬರಹದಲ್ಲಿ ಪಡೆಯಿರಿ. ಮಾಜಾಳಿಯನ್ನು ನಡೆದು ದಾಟಿದವರಿಗೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ.